ವಾಲ್ವ್‌ಮನ್ ಸಮುವೇಲಪ್ಪನ ವ್ಯಾಖ್ಯಾನ

ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ವಾರ
ಆಸ್ಟಿನ್ ಟೌನಿನ ನಮ್ಮ ಹಜಾರದಲ್ಲಿ
ಬ್ರದರ್ ಪ್ರಭುಚರಣರು ಬಟ್ಟೆಯ ಪಟ ತೂಗುಹಾಕಿದರು.
ಕ್ಯಾಲೆಂಡರಿನ ಮೊಳೆಗೆ ಒಂದು ಕಿವಿ, ಫ್ಯೂಸ್ ಬಾಕ್ಸಿಗೆ ಇನ್ನೊಂದು.
ಏಳು ಮುದ್ರೆ, ಏಳು ತುತೂರಿ, ಹತ್ತು ಕೊಂಬಿನ ಮೃಗ,
ಬಲತುದಿಯಲ್ಲಿ ಕೆಂಪು ಬಣ್ಣ ಸುರಿದು
ಕೆಳಗೆ ಬರೆದಿತ್ತು: ಬೆಂಕಿಯ ಕೆರೆ.

"ಕಣ್ಣಿದ್ದವರು ನೋಡಲಿ," ಅಂದರು ಬ್ರದರ್,
"ಬರೆದವನು ಸಮುದ್ರ ಅನ್ನಲಿಲ್ಲ, ಹೊಳೆ ಅನ್ನಲಿಲ್ಲ,
ಕೆರೆ ಅಂದ. ಉರಿಯುವ ಕೆರೆ ಎಲ್ಲಿದೆ ಹೇಳಿ?
ಆಟೋದವನಿಗೆ ಮೀಟರ್ ಮೇಲೆ ಇಪ್ಪತ್ತು ಕೊಟ್ಟರೆ ಸಾಕು."

ಲಿದಿಯಕ್ಕ ಸೆರಗು ಬಾಯಿಗಿಟ್ಟುಕೊಂಡಳು.
ಪ್ರವಾದಿಯ ಎಪ್ಪತ್ತು ವಾರಗಳನ್ನು ಕೂಡಿಸಿ, ಒಂದನ್ನು ಎತ್ತಿಟ್ಟು,
ದಿನಕ್ಕೊಂದು ವರ್ಷ ಹಿಡಿದು, ಸೀಮೆಸುಣ್ಣದಲ್ಲಿ
ಬೀರುವಿನ ಬಾಗಿಲ ಮೇಲೆ ಲೆಕ್ಕ ನಡೆಯಿತು.
ಬಂದದ್ದು ಒಂದು ಶುಕ್ರವಾರ.
ನನಗಾಗ ಹದಿಮೂರು; ಶನಿವಾರ ಗಣಿತದ ಪರೀಕ್ಷೆ.
ಪ್ರಾರ್ಥಿಸಿದೆ, ಲೆಕ್ಕ ಸರಿಯಿರಲಿ ಅಂತ.

ಅಪ್ಪ ಬಾಗಿಲ ಹತ್ತಿರ, ಡ್ಯೂಟಿಗೆ ಹೊರಟವನು,
ಮೊಣಕಾಲ ಮೇಲೆ ವಾಲ್ವಿನ ಕೀಲಿ ಅಡ್ಡ ಇಟ್ಟು ಕೂತಿದ್ದ.
ಆಳುದ್ದದ ಕಬ್ಬಿಣ.
ಜಲಮಂಡಳಿಯಲ್ಲಿ ಇಪ್ಪತ್ತಾರು ವರ್ಷ.
ಬೀದಿ ಅವನನ್ನು ಕೇಳುವುದು ಒಂದೇ ಪ್ರಶ್ನೆ:
"ಸಮುವೇಲಣ್ಣ, ಎಷ್ಟು ಹೊತ್ತಿಗೆ ಬರುತ್ತೆ?"
ಉತ್ತರವೂ ಒಂದೇ: "ಬಂದಾಗ ಬರುತ್ತೆ. ಬಿಂದಿಗೆ ತೊಳೆದಿಟ್ಟಿರಿ."
ಅವನಿಗೂ ಗೊತ್ತಿರುತ್ತಿರಲಿಲ್ಲ.
ತೊರೆಕಾಡನಹಳ್ಳಿಯಲ್ಲಿ ಪಂಪು ನಿಂತರೆ, ಕರೆಂಟು ಹೋದರೆ,
ಮೇಲಿನವರು ಫೋನ್ ಮಾಡಬೇಕು.

"ಆ ಗಳಿಗೆಯನ್ನ ಮಗನಿಗೇ ಹೇಳಿಲ್ಲವಂತೆ, ಬ್ರದರ್,"
ಅಂದ ಅಪ್ಪ, "ನಮ್ಮ ಬೀರುವಿಗೆ ಹೇಗೆ ತಿಳೀತು?"
ಬ್ರದರ್ ಕನ್ನಡಕ ಒರೆಸಿಕೊಂಡರು. ಯಾರೋ ಕೆಮ್ಮಿದರು.
ಕೆರೆ ಮಾತ್ರ ನಿಜವಾಗಿ ಉರಿದಿತ್ತು.
ಅದನ್ನು ಅಪ್ಪನೂ ಅಲ್ಲಗಳೆಯಲಿಲ್ಲ.

ಶುಕ್ರವಾರ ಬಂತು. ಬಿಳಿ ಸೀರೆಗಳು, ಬಿಳಿ ಅಂಗಿಗಳು.
ಲಿದಿಯಕ್ಕ ಚೀಟಿ ದುಡ್ಡು ತೀರಿಸಿ ಬಂದಿದ್ದಳು,
ಮೈದುನನನ್ನು ಹನ್ನೊಂದು ವರ್ಷದ ಮೇಲೆ ಮಾತಾಡಿಸಿ ಬಂದಿದ್ದಳು.
ಈಗಲೂ ಅನಿಸುತ್ತೆ, ತಪ್ಪು ಲೆಕ್ಕದಿಂದ ಬಂದ
ಸರಿಯುತ್ತರ ಅದೊಂದೇ.

ಅಪ್ಪನಿಗೆ ರಾತ್ರಿ ಪಾಳಿ. ಹಿಂದೆಯೇ ಹೊರಟೆ.
"ಇವತ್ತಿನ ರಾತ್ರಿಯಾ?" ಅಮ್ಮ ಬೈದಳು.
ಎರಡೂವರೆಗೆ ಅವನು ರಸ್ತೆ ನಡುವಿನ ಮುಚ್ಚಳ ಎತ್ತಿ,
ಕೀಲಿ ಇಳಿಸಿ, ಮೈಭಾರ ಬಿಟ್ಟು ತಿರುಗಿಸಿದ.
ನೆಲದೊಳಗೆ ಮೊದಲು ಗಾಳಿಯ ಏದುಸಿರು, ಆಮೇಲೆ ಗುಡುಗು.
ಸಾಲು ಮನೆಗಳಲ್ಲಿ ಒಂದೊಂದೇ ದೀಪ,
ಎಚ್ಚರವಿದ್ದ ಹೆಂಗಸರು, ಬಿಂದಿಗೆಗಳ ಠಣ್‌ಠಣ್,
ನಡುನಡುವೆ, ಮಲಗಿಬಿಟ್ಟವರ ಕತ್ತಲು.
ಆ ಕತ್ತಲ ಬಾಗಿಲುಗಳನ್ನೇ ಕೀಲಿಯ ತುದಿಯಿಂದ
ತಟ್ಟುತ್ತ ಹೋದ ಅಪ್ಪ:
"ನೀರು! ನೀರು ಬಂತು, ಏಳ್ರೀ!"
ಅದು ಅವನ ಡ್ಯೂಟಿಯಲ್ಲ.

ಬೆಳಗಾಯಿತು. ಗಣಿತದಲ್ಲಿ ಮೂವತ್ತೆಂಟು.

ಮರುವಾರ ಈಜಿಪುರದ ರಾಜಕಾಲುವೆಯ ಕಟ್ಟೆ ಮೇಲೆ ನಿಲ್ಲಿಸಿ ಕೇಳಿದ,
"ಇದು ಎಲ್ಲಿಗೆ ಹೋಗುತ್ತೆ?"
ಬೆಳ್ಳಂದೂರಿಗೆ.
"ಎಲ್ಲಿಂದ ಬಂತು?"
ಕೆಳಗೆ ಕಪ್ಪು ನೀರು, ಅದರ ಮೇಲೆ ನೊರೆಯ ಹಾಸು. ಸುಮ್ಮನಿದ್ದೆ.
"ಅವತ್ತು ರಾತ್ರಿ ನಾನು ಬಿಟ್ಟದ್ದೇ.
ನಿಮ್ಮಮ್ಮ ಬಟ್ಟೆ ಒಗೆದದ್ದೇ, ನಿನ್ನ ತಲೆಯ ಶಾಂಪೂನೇ,
ಬ್ರದರ್ ಊಟ ಮಾಡಿ ಕೈತೊಳೆದದ್ದೇ.
ಆ ಕೆಂಪು ಬಣ್ಣವನ್ನ ಪಟದ ಕೊನೆಗೆ ಯಾಕೆ ಬಳಿದರೋ!
ಕೊಳಾಯಿಯ ಬುಡದಿಂದಲೇ ಶುರು ಮಾಡಬಹುದಿತ್ತು."

ಈಗ ರಿಟೈರಾಗಿದ್ದಾನೆ. ಕೀಲಿಯನ್ನು ಆಫೀಸಿಗೆ ಒಪ್ಪಿಸಿ
ಕೈ ಎಲ್ಲಿಡಬೇಕೋ ತಿಳಿಯದೆ ಬಂದ.
ಕಣ್ಣಿಗೆ ಪೊರೆ. ಸಂಜೆ ನನ್ನಿಂದ ಓದಿಸುವುದು
ಕಟ್ಟಕಡೆಯ ಪುಟ ಮಾತ್ರ:
ಸಿಂಹಾಸನದ ಬುಡದಿಂದ ಹೊರಟ ತಿಳಿನೀರಿನ ಹೊಳೆ,
ಬಾಯಾರಿದವರಿಗೆಲ್ಲ ಪುಕ್ಕಟೆಯ ಕರೆ.
"ತಡಿ," ಅನ್ನುತ್ತಾನೆ. "ಮೀಟರಿನ ಮಾತಿಲ್ಲ ತಾನೆ?"
ಇಲ್ಲಪ್ಪ.
"ವಾಲ್ವು?"
ಅದೂ ಇಲ್ಲ.
ಬಹಳ ಹೊತ್ತು ಯೋಚಿಸುತ್ತಾನೆ.
"ಹಾಗಾದರೆ ನನಗೆ ಅಲ್ಲಿ ಏನು ಕೆಲಸ?"

ಹೊರಗೆ ಟ್ಯಾಂಕರಿನ ಹಾರ್ನು.
ಗೋಡೆ ಹಿಡಿದು ಎದ್ದು, ಚಪ್ಪಲಿಗೆ ಕಾಲಾಡಿಸಿ,
ಪಕ್ಕದ ಮನೆಯ ಬಾಗಿಲು ತಟ್ಟಲು ಹೊರಡುತ್ತಾನೆ.