ಇಪ್ಪತ್ತಾರು ನಿಮಿಷ

ತಾಲಿನ್ನಿನಲ್ಲಿ ಫೆಬ್ರವರಿ. ಗಾಜಿನ ನಳಿಕೆಯನ್ನು
ಮೂರು ಸಲ ಹೆಪ್ಪುಗಟ್ಟಿಸಿ, ಮೂರು ಸಲ ಕರಗಿಸಿ
ಗಾಳಿಯನ್ನೆಲ್ಲ ಹೀರಿ ತೆಗೆದಿದ್ದಾಳೆ ಹೆಲ್ವೆ.
ಒಂದು ಗುಟುಕು ಆಮ್ಲಜನಕ ಉಳಿದರೂ ಕೆಟ್ಟಿತು:
ನಮಗೆ ಪ್ರಾಣವಾಯು,
ಇಲ್ಲಿ ಚಾಡಿಕೋರ.

ಕಾಂತದ ಹೊಟ್ಟೆಗೆ ಇಳಿಸಿ
ರೇಡಿಯೋ ಅಲೆಯಲ್ಲಿ ತಟ್ಟುತ್ತಾಳೆ.
ಪೆಟ್ಟು, ಬಿಡುವು, ಪೆಟ್ಟು, ಬಿಡುವು,
ಎರಡು ಬೀಜಗಳ ಒಳಮಾತಿನ ಲಯಕ್ಕೆ ಸರಿಯಾಗಿ.
ಒಂದು ಮೇಲೆಂದರೆ ಇನ್ನೊಂದು ಕೆಳಗೆ;
ಯಾವುದು ಯಾವುದೆಂದು ಅವಕ್ಕೂ ತಿಳಿಯದು.
ಕೂಡಿದರೆ ಸೊನ್ನೆ.
ತೆರೆಯ ಮೇಲಿನ ಗೆರೆ ಮಲಗಿಬಿಟ್ಟಿತು.

ಬೇರೆಯವಾದರೆ ಹತ್ತು ಸೆಕೆಂಡಿಗೆ ಎಲ್ಲ ಮರೆಯುತ್ತವೆ.
ಇವು ಸುಮ್ಮನಿವೆ.
ಇವೆಯೋ?

ಸಾರಜನಕದ ಡಬ್ಬಿ ತಳ್ಳಿಕೊಂಡು ಬಂದ ಮುದುಕ ಉರ್ಮಾಸ್.
"ಏನಾದರೂ ಕಾಣಿಸಿತೇ?"
"ಕಾಣಿಸಿದರೆ ಮುಗಿದ ಹಾಗೆ."
ಆತ ಕೈಗವಸು ಕಳಚಿದ. ಒಂದೇ ಕೈಯದು.
"ನಮ್ಮಜ್ಜಿ ಅಜ್ಜನನ್ನು ಅಟ್ಟದಲ್ಲಿಟ್ಟಿದ್ದಳು, ನಾಲ್ಕು ಚಳಿಗಾಲ.
ಪಟ್ಟಿ ಹಿಡಿದು ಬಂದವರಿಗೆ
ಒಬ್ಬಳದೇ ಉಸಿರು ಕೇಳಿಸುತ್ತಿತ್ತು."
"ಆಮೇಲೆ?"
ಆತ ಡಬ್ಬಿಯ ಮುಚ್ಚಳ ನೋಡಿದ.

ಇಪ್ಪತ್ತಾರನೆಯ ನಿಮಿಷ. ಇನ್ನು ಜೋಡಿಯನ್ನು ಒಡೆಯಬೇಕು,
ಇದ್ದವೆಂದು ತಿಳಿಯಲು ಬೇರೆ ದಾರಿಯಿಲ್ಲ.
ಹೆಲ್ವೆಯ ಬೆರಳು ಗುಂಡಿಯ ಮೇಲೆ
ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

ಆಮೇಲೆ ಗೆರೆಯಲ್ಲಿ
ಸಾಸಿವೆಯಷ್ಟು ಶಿಖರ.