ಮೂರು ಸ್ಕ್ರೂ

ನನ್ನ ಹೆಸರು ಹಂಸ.
ಸುಂಟಿಕೊಪ್ಪದಲ್ಲಿ ಮೀನಿನಂಗಡಿಗೂ ದರ್ಜಿಗೂ ನಡುವೆ
ಟೀವಿ, ಮಿಕ್ಸಿ, ಟಾರ್ಚು ರಿಪೇರಿ.
ಓದಿದ್ದು ಏಳನೇ ಕ್ಲಾಸು. ಅದರಲ್ಲಿ ಒಂದು ಎರಡು ಸಲ.

ದಮಯಂತಿ ತೋಟದಲ್ಲಿ ಚೆಕ್‌ರೋಲ್ ಬರೆಯುವವಳು.
ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಅರ್ಧ ದಿನ,
ರಾತ್ರಿ ಬಿದ್ದ ಮಳೆ ಇಂಚೆಷ್ಟು, ಸೆಂಟೆಷ್ಟು,
ಇಪ್ಪತ್ತು ವರ್ಷದ್ದು ತಲೆಯಲ್ಲೇ ಇತ್ತು.
ಕಡಲೆ ಕಟ್ಟಿದ ಕಾಗದವನ್ನೂ ಬಿಡಿಸಿ ಓದುವ ಹೆಂಗಸು.
ಟೀವಿಯವರು ಕರೆದರು. ಹೋದಳು.
ಹೋಗುವ ಮುಂಚೆ ಅಂಗಡಿಗೆ ಬಂದು,
"ಹಂಸಣ್ಣ, ಕಷ್ಟ ಬಂದರೆ ಫೋನ್ ಮಾಡಲು
ಒಬ್ಬರ ಹೆಸರು ಕೊಡಬೇಕಂತೆ. ನಿಮ್ಮದು ಕೊಟ್ಟಿದ್ದೇನೆ.
ಇಡೀ ದಿನ ಟೀವಿ ನೋಡುವವರು ನೀವೊಬ್ಬರೇ."
ನಾನು ನೋಡುವುದು ಟೀವಿಯ ಬೆನ್ನು.
ಹೇಳಬೇಕಿತ್ತು. ಹೇಳಲಿಲ್ಲ.

ಮಂಗಳವಾರ. ಕರೆಂಟಿಲ್ಲ.
ಯಾರದೋ ಮಿಕ್ಸಿ ಬಿಚ್ಚಿ ಕೂತಿದ್ದೆ, ಸ್ಕ್ರೂಗಳು ತುಟಿಯ ನಡುವೆ.
ಫೋನಿನಲ್ಲಿ ನಿರೂಪಕನ ನಗು:
"ಹಂಸ! ಹಾಲು ನೀರು ಬೇರೆ ಮಾಡುವ ಹಕ್ಕಿ!"
ಮೊಯ್ದುವಿನ ಕ್ಯಾಂಟೀನ್ ಚಹಾದಲ್ಲಿ
ಆ ಕೆಲಸ ಯಾವ ಹಕ್ಕಿಗೂ ಆಗದು ಸ್ವಾಮೀ,
ಎನ್ನುವಷ್ಟರಲ್ಲಿ ಅವಳ ದನಿ, ಓಡಿ ಬಂದ ಹಾಗೆ:
"ಹಂಸಣ್ಣ, ಆಕ್ಟೋಪಸ್ಸಿಗೆ ಹೃದಯ ಎಷ್ಟು?
ಎರಡು, ಮೂರು, ಐದು, ಒಂಬತ್ತು."
ಮೂವತ್ತು ಸೆಕೆಂಡು.
ನಮ್ಮ ಕಡೆ ಮೀನೆಂದರೆ ಮತ್ತಿ, ಬಂಗುಡೆ.
ಹೃದಯ ಎಣಿಸಿ ಯಾರೂ ತಿಂದವರಲ್ಲ.
ಮಾತಾಡಬೇಕಲ್ಲ, ಸ್ಟೀಲ್ ತಟ್ಟೆಗೆ ಸ್ಕ್ರೂ ಉಗಿದೆ.
ಮೂರಿದ್ದವು.
"ಮೂರು," ಅಂದೆ.
"ಖಂಡಿತಾನಾ?"
"ಖಂಡಿತ."
ಆ ಎರಡನೆಯ ಮಾತು ಇದೆಯಲ್ಲ,
ಅದು ಎಲ್ಲಿಂದ ಬಂತೋ ಪಡಚ್ಚೋನೇ ಬಲ್ಲ.

ಎಪ್ಪತ್ತೈದು ಲಕ್ಷ ಗೆದ್ದಳು.
ಆ ಆಟದಲ್ಲಿ ಅಲ್ಲಿಯವರೆಗೆ ಅಷ್ಟು ಗೆದ್ದವರಿಲ್ಲ.
ತೆರಿಗೆ ಕಳೆದು ಕೈಗೆಷ್ಟು ಎಂದು
ಅವಳಿಗಿಂತ ಮುಂಚೆ ಊರೇ ಲೆಕ್ಕ ಹಾಕಿತು.
ಸರ್ಕಲ್ಲಿನಲ್ಲಿ ಫ್ಲೆಕ್ಸು: ಬಾಗಿಲಗಲದ ಅವಳ ಮುಖ,
ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ನಾನು.
ಸನ್ಮಾನದ ಮೈಕಿನಲ್ಲಿ ಅವಳೆಂದಳು,
"ಹಂಸಣ್ಣನಿಗೆ ಗೊತ್ತಿಲ್ಲದ್ದಿಲ್ಲ."

ಆಮೇಲೆ ಬಂದರು ನೋಡಿ.
ಲೈನ್ ಮನೆಯ ಮಕ್ಕಳು ಹೋಂವರ್ಕ್ ಹಿಡಿದು,
ಪಂಚಾಯ್ತಿ ಮೆಂಬರು ಯಾವುದೋ ಕಾನೂನು ಹಿಡಿದು,
ಮುತ್ತವ್ವಜ್ಜಿ, ಕಾಫಿ ರೇಟು ಮಾರ್ಚಿಗೆ ಏರುತ್ತದೋ ಎಂದು.
ರಾತ್ರಿ ಶಟರ್ ಎಳೆದು ಓದತೊಡಗಿದೆ,
ಕುಶಾಲನಗರದಿಂದ ತಂದ ಜನರಲ್ ನಾಲೆಡ್ಜು, ದಪ್ಪದ್ದು,
ಸಾಲ ತೀರಿಸುವವನ ಹಾಗೆ ದಿನಕ್ಕೆ ನಾಲ್ಕು ಪುಟ.
ಮೊದಲು ಹುಡುಕಿದ್ದು ಅದನ್ನೇ:
ಎರಡು ಹೃದಯ ಕಿವಿರಿಗೆ, ಒಂದು ಮೈಗೆ.
ಈಜುವಾಗ ಮೈಯದು ನಿಲ್ಲುತ್ತದಂತೆ.
ಅದಕ್ಕೇ ಆ ಪ್ರಾಣಿ ಆದಷ್ಟೂ ತೆವಳುತ್ತದೆ.
ಅವತ್ತು ನನಗೆ ನಿದ್ದೆ ಬರಲಿಲ್ಲ.

ಮೂರು ವರ್ಷ ಅವಳೇ ಮೊದಲು.
ಆಮೇಲೆ ಸಿಂಧನೂರಿನ ಒಬ್ಬ ಕಂಡಕ್ಟರ್,
ಅವನನ್ನೂ ದಾಟಿ ಹೊಸಪೇಟೆಯ ನರ್ಸು.
ಅತಿ ಹೆಚ್ಚು ಗೆದ್ದವರು ಎಂದು ಪಟ್ಟಿ ಉರುಳಿದಾಗ
ಮೂರನೆಯ ಸಾಲಿನಲ್ಲಿ ದಮಯಂತಿ,
ಅದೂ ದ ಹೋಗಿ ಧ ಆಗಿ.
ಫ್ಲೆಕ್ಸು ಈಗ ಯಾರದೋ ಕಣದಲ್ಲಿದೆ.
ಅವಳ ಹಣೆಯ ಮೇಲೆ ಕರಿಮೆಣಸು ಒಣಗುತ್ತದೆ,
ನನ್ನ ಮೂಲೆಯನ್ನು ಕೋಳಿ ಕೆದರಿದೆ.

ನಿನ್ನೆ ಮಿಕ್ಸಿ ತಂದಳು.
"ಎರಡು ಇಂಚು ಹನ್ನೆರಡು ಸೆಂಟು," ಅಂದಳು, ಛತ್ರಿ ಮಡಿಸುತ್ತ.
ಈಗಲೂ ಅದೇ ಚೆಕ್‌ರೋಲು, ಅದೇ ಕೆಂಪು ಪೆನ್ನು.
ಬಿಚ್ಚಿದೆ. ತುಟಿಗಿಟ್ಟೆ. ಒಂದು, ಎರಡು, ಮೂರು.
ನೋಡುತ್ತಿದ್ದಳು, ಹಾಜರಿ ಹಾಕುವವಳ ಹಾಗೆ.
"ಅವತ್ತೂ ಹೀಗೇ ಅಲ್ವಾ ಹಂಸಣ್ಣ?
ಟಿಣ್ ಅಂತ ಕೇಳಿಸಿತ್ತು ಫೋನಿನಲ್ಲಿ.
ಮೂರು ಸಲ."

ಏನು ಹೇಳಲಿ, ಬಾಯಿ ತುಂಬ ಕಬ್ಬಿಣ.
ಮಿಕ್ಸಿಗೆ ನಾಲ್ಕು ಸ್ಕ್ರೂ ಬೇಕು.
ನಾಲ್ಕನೆಯದನ್ನು ಇಬ್ಬರೂ ಬಗ್ಗಿ ಹುಡುಕಿದೆವು,
ಬೆಂಚಿನ ಕೆಳಗೆ, ಟಾರ್ಚು ಹಿಡಿದು.