ಎಂ.ಓ. ಏಳು

ಮುದ್ದೆಮಾಲು ಎಂಬ ಪದದಲ್ಲಿ ಊಟದ ಮುದ್ದೆ ಕಂಡು
ಕೆಲಸಕ್ಕೆ ಸೇರಿದ ದಿನ ನಕ್ಕಿದ್ದೆ.

ಇವತ್ತು ಎಂ.ಓ. ಏಳು:
ಎಡಗಾಲಿನ ಚಪ್ಪಲಿ, ಒಂದೇ. ಉಂಗುಷ್ಠ ಹೊಲಿದದ್ದು.
ಅರಗು ಒಡೆದು ಕಟಕಟೆಗೆ ಒಯ್ದೆ.
ದಾವಣಗೆರೆ ಕೋರ್ಟಿನ ಗೇಟಿನಾಚೆ
ಬಾಯ್ತುಂಬ ಮಂಡಕ್ಕಿ, ಬಾಯ್ತುಂಬ ಹೀರೋ ಹೆಸರು.
ನಡುವೆ ನನ್ನ ಮಗನ ದನಿಯೂ.

‘ಇಂಥ ಚಪ್ಪಲಿ ಊರಲ್ಲಿ ಎಷ್ಟು ಸಾವಿರ?’
ವಕೀಲರು ಕೇಳಿದರು.
ಸತ್ತವನ ತಾಯಿ ಹನುಮಕ್ಕ
ಗಂಟು ಮುಟ್ಟಿ ನೋಡಿದಳು:
‘ಕರಿದಾರ ಮುಗಿದಿತ್ತು ಸ್ವಾಮಿ,
ಹಳದಿ ಹಾಕಿ ಹೊಲಿದೆ.’
ಪಂಚನಾಮೆಯಲ್ಲಿ ಇರುವುದು: ಕಂದು ದಾರ.

ಕೆಸರೋ, ರಕ್ತವೋ, ಬರೆದವನ ಕಣ್ಣೋ.
ತೂಗುವುದು ಸಾಹೇಬರ ಕೆಲಸ.
ನಾನು ಸಂಜೆ ಮತ್ತೆ ಅರಗು ಕಾಯಿಸಿದೆ,
ಬೆರಳು ಸುಟ್ಟುಕೊಂಡೆ.

ಮನೆ ಬಾಗಿಲಲ್ಲಿ ಮಗನ ಚಪ್ಪಲಿ
ಒಂದೊಂದು ದಿಕ್ಕಿಗೆ.
ಎಣಿಸಿದೆ.
ಎರಡು.